ಸಣ್ಣ ಕೊಳವೆಯಲ್ಲಿ ಏರಿ ನಿಂತ 9 ಮಿಲಿಮೀಟರ್: ಮೇಲ್ಮೈ ಎಳೆತವೂ ಒತ್ತಡದ ಅಳತೆಯೂ

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಪ್ರಯೋಗಾಲಯದಲ್ಲಿ ಮೇಲ್ಭಾಗ ತೆರೆದಿರುವ ನೀರಿನ ತೊಟ್ಟಿಯೊಂದಕ್ಕೆ ಎರಡು ಗಾಜಿನ ಪೀಜೋಮೀಟರ್ ಕೊಳವೆಗಳನ್ನು (ನೀರು ಏರಿದ ಎತ್ತರದಿಂದ ಒತ್ತಡ ತೋರಿಸುವ ನೆಟ್ಟಗಿನ ಕೊಳವೆಗಳು) ಜೋಡಿಸಿದ್ದಾರೆ. ಒಂದರ ಒಳವ್ಯಾಸ 3 ಮಿ.ಮೀ., ಇನ್ನೊಂದರದು 12 ಮಿ.ಮೀ. ಎರಡರ ಮೇಲ್ತುದಿಯೂ ಗಾಳಿಗೆ ತೆರೆದಿದೆ. ಆದರೂ ಸಣ್ಣ ಕೊಳವೆಯಲ್ಲಿ ನೀರು ತೊಟ್ಟಿಯ ಮಟ್ಟಕ್ಕಿಂತ ಸುಮಾರು 9 ಮಿ.ಮೀ. ಮೇಲೆ, ದೊಡ್ಡದರಲ್ಲಿ ಒಂದೂವರೆ ಮಿ.ಮೀ. ಮೇಲೆ ನಿಲ್ಲುತ್ತದೆ. ಒಂದೇ ಒತ್ತಡಕ್ಕೆ ಎರಡು ಅಳತೆ ಬಂದಂತಾಗಲಿಲ್ಲವೇ? ಗಾಳಿಗೆ ತೆರೆದ ನೀರಿನ ಮೇಲ್ಮೈಯಲ್ಲಿ ಒತ್ತಡವು ವಾತಾವರಣದ್ದೇ ಆಗಿರುತ್ತದೆ ಎಂದು ಪಾಠದಲ್ಲಿ ಕಲಿತೆವು; ಅದು ನಿಜವಾದರೆ ನೀರು ಏರಲೇಬಾರದು. ಒತ್ತಡದ ವ್ಯತ್ಯಾಸ ಅಳೆಯುವ ಯು ಕೊಳವೆಯ ಎರಡು ತೋಳುಗಳ ವ್ಯಾಸ ಬೇರೆಬೇರೆಯಾಗಿದ್ದರೆ ಏನಾಗುತ್ತದೆ? ಯಾವ ಅಳತೆಯನ್ನು ನಂಬಬೇಕು?

ಉತ್ತರ: ನೀವು ಪಾಠದಲ್ಲಿ ಕಲಿತ ಆ ವಾಕ್ಯದಲ್ಲಿ ಒಂದು ವಿಶೇಷಣ ಬಿಟ್ಟುಹೋಗಿದೆ. ಗಾಳಿಗೆ ತೆರೆದ, ಸಪಾಟಾದ ಮೇಲ್ಮೈಯ ಕೆಳಗೆ ಮಾತ್ರ ನೀರಿನ ಒತ್ತಡವು ವಾತಾವರಣದ ಒತ್ತಡಕ್ಕೆ ಸಮನಾಗಿರುತ್ತದೆ. ಮೇಲ್ಮೈ ಬಾಗಿದ್ದರೆ, ಅದರ ಆಚೆಗಿನ ಒತ್ತಡಕ್ಕೂ ಈಚೆಗಿನ ಒತ್ತಡಕ್ಕೂ ನಡುವೆ ಒಂದು ಮೆಟ್ಟಿಲಿನಷ್ಟು ವ್ಯತ್ಯಾಸ ಬಂದುಬಿಡುತ್ತದೆ. ತೊಟ್ಟಿ ಅಗಲವಾದ್ದರಿಂದ ಅದರ ನೀರಿನ ಮೇಲ್ಮೈ ಸಪಾಟು. ಸಣ್ಣ ಕೊಳವೆಯೊಳಗಿನ ಮೇಲ್ಮೈ ಬಟ್ಟಲಿನಂತೆ ತಗ್ಗಾಗಿದೆ. ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಈ ಮೆಟ್ಟಿಲಿನಲ್ಲೇ ಇದೆ. ಆದ್ದರಿಂದ ಮೊದಲು ಅದು ಹೇಗೆ ಉಂಟಾಗುತ್ತದೆ ಎಂಬುದನ್ನು ನೋಡಿ, ಅನಂತರ ಅಳತೆಯ ವಿಚಾರಕ್ಕೆ ಬರುತ್ತೇನೆ.

ಅದಕ್ಕೂ ಮುನ್ನ ಪದದ ಬಗ್ಗೆ ಒಂದು ಮಾತು ಹೇಳಬೇಕು. ಕನ್ನಡದ ಕೆಲವು ಬರಹಗಳಲ್ಲಿ ಸರ್ಫೇಸ್ ಟೆನ್ಷನ್ ಎಂಬುದನ್ನು ‘ಮೇಲ್ಮೈ ಒತ್ತಡ’ ಎಂದು ಬರೆಯುವ ರೂಢಿಯಿದೆ. ಪ್ರೆಷರ್ ಎಂಬುದಕ್ಕೂ ನಮ್ಮಲ್ಲಿ ಒತ್ತಡವೆಂದೇ ಹೆಸರು. ಒಂದು ಎಳೆಯುವಂಥದ್ದು, ಇನ್ನೊಂದು ತಳ್ಳುವಂಥದ್ದು; ಎರಡಕ್ಕೂ ಒಂದೇ ಹೆಸರಿಟ್ಟರೆ ವಿದ್ಯಾರ್ಥಿ ಗೊಂದಲಕ್ಕೆ ಬೀಳದೆ ಇನ್ನೇನಾದಾನು? ನಾನು ಇಲ್ಲಿ ಮೇಲ್ಮೈ ಎಳೆತ ಎಂದೇ ಬರೆಯುತ್ತೇನೆ. ಒತ್ತಡವನ್ನು ಚದರ ಮೀಟರಿಗೆ ಇಷ್ಟು ನ್ಯೂಟನ್ ಎಂದು ಅಳೆಯುತ್ತೇವೆ, ಅದರ ಹೆಸರು ಪ್ಯಾಸ್ಕಲ್. ಮೇಲ್ಮೈ ಎಳೆತವನ್ನು ಅಳೆಯುವುದು ಮೀಟರ್ ಉದ್ದಕ್ಕೆ ಇಷ್ಟು ನ್ಯೂಟನ್ ಎಂದು. ನೀರಿನ ಮೇಲ್ಮೈಯಲ್ಲಿ ಒಂದು ಗೆರೆ ಎಳೆದಿದ್ದೇವೆ ಎಂದುಕೊಂಡರೆ, ಆ ಗೆರೆಯ ಎರಡು ಬದಿಯ ಮೇಲ್ಮೈಗಳು ಒಂದನ್ನೊಂದು ಎಷ್ಟು ಬಲದಿಂದ ಎಳೆಯುತ್ತಿವೆ ಎಂಬುದೇ ಅದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿಗೆ ಇದರ ಬೆಲೆ ಮೀಟರಿಗೆ 0.0728 ನ್ಯೂಟನ್.

ಈಗ ಮೆಟ್ಟಿಲಿನ ವಿಚಾರ. ಕೆಸುವಿನ ಎಲೆಯ ಮೇಲೆ ನಿಂತ ಒಂದು ಮಿಲಿಮೀಟರ್ ವ್ಯಾಸದ ನೀರಿನ ಹನಿಯನ್ನು ಎಣಿಸಿಕೊಳ್ಳಿ. ಎಲೆ ನೀರನ್ನು ಅಂಟಿಸಿಕೊಳ್ಳದ್ದರಿಂದ ಅದು ಹೆಚ್ಚುಕಡಿಮೆ ಗುಂಡಗೇ ಇರುತ್ತದೆ. ಅದನ್ನು ಮನಸ್ಸಿನಲ್ಲೇ ಸರಿಯಾಗಿ ನಡುವಿಗೆ ಕತ್ತರಿಸಿ, ಒಂದು ಅರ್ಧವನ್ನು ಮಾತ್ರ ನೋಡೋಣ. ಕತ್ತರಿಸಿದ ಅಂಚಿನ ಸುತ್ತಲೂ ಮೇಲ್ಮೈ ಎಳೆತವು ಈ ಅರ್ಧವನ್ನು ಇನ್ನೊಂದು ಅರ್ಧದ ಕಡೆಗೆ ಎಳೆಯುತ್ತಿದೆ. ಆ ಬಲ ಎಂದರೆ ಸುತ್ತಳತೆಯನ್ನು ಮೇಲ್ಮೈ ಎಳೆತದಿಂದ ಗುಣಿಸಿದಷ್ಟು. ಅರ್ಧ ಹನಿ ಕುಸಿಯದೆ ನಿಂತಿದೆ ಎಂದಮೇಲೆ, ಕತ್ತರಿಸಿದ ವೃತ್ತದ ಮೇಲೆ ಒಳಗಿನ ಹೆಚ್ಚುವರಿ ಒತ್ತಡವು ಅಷ್ಟೇ ಬಲದಿಂದ ಹೊರಕ್ಕೆ ತಳ್ಳುತ್ತಿರಲೇಬೇಕು. ಸುತ್ತಳತೆಯು ವ್ಯಾಸದ ಜೊತೆ ಬೆಳೆದರೆ ವಿಸ್ತೀರ್ಣವು ವ್ಯಾಸದ ವರ್ಗದ ಜೊತೆ ಬೆಳೆಯುತ್ತದೆ. ಆದ್ದರಿಂದ ಲೆಕ್ಕ ಮುಗಿದಾಗ ಉಳಿಯುವುದು ಇಷ್ಟು: ಹೆಚ್ಚುವರಿ ಒತ್ತಡ = ಮೇಲ್ಮೈ ಎಳೆತದ ನಾಲ್ಕು ಪಟ್ಟು ÷ ವ್ಯಾಸ. ಒಂದು ಮಿಲಿಮೀಟರ್ ಹನಿಗೆ ಇದು ಸುಮಾರು 291 ಪ್ಯಾಸ್ಕಲ್, ಅಂದರೆ 30 ಮಿ.ಮೀ. ನೀರಿನ ಕಂಬಕ್ಕೆ ಸಮ. ವ್ಯಾಸ ಕಡಿಮೆಯಾದಷ್ಟೂ ಮೆಟ್ಟಿಲು ಎತ್ತರವಾಗುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ವ್ಯಾಸದ ಮಂಜಿನ ಹನಿಯೊಳಗೆ ಹೊರಗಿಗಿಂತ ಸುಮಾರು ಮೂರು ವಾತಾವರಣದಷ್ಟು ಹೆಚ್ಚು ಒತ್ತಡವಿರುತ್ತದೆ. ಈ ನಿಯಮವನ್ನು ಥಾಮಸ್ ಯಂಗ್ 1805ರಲ್ಲಿ ಚಿಹ್ನೆಗಳನ್ನು ಬದಿಗಿಟ್ಟು ಮಾತುಗಳಲ್ಲೇ ವಿವರಿಸಿದ. ಮರುವರ್ಷ ಲಾಪ್ಲಾಸ್ ಅದನ್ನು ಗಣಿತದ ರೂಪದಲ್ಲಿ ಕೊಟ್ಟ.

ಒಂದು ಸಂಗತಿಯನ್ನು ಗಟ್ಟಿಯಾಗಿ ನೆನಪಿಡಬೇಕು: ಬಾಗಿದ ಮೇಲ್ಮೈಯ ಒಳಬದಿಯಲ್ಲಿ, ಅಂದರೆ ಗುಳಿ ಬಿದ್ದಂತೆ ಕಾಣುವ ಬದಿಯಲ್ಲಿ, ಒತ್ತಡ ಯಾವಾಗಲೂ ಹೆಚ್ಚು. ಹನಿಯಲ್ಲಿ ಆ ಬದಿಗೆ ನೀರಿದೆ, ಆದ್ದರಿಂದ ನೀರಿನ ಒತ್ತಡ ಹೆಚ್ಚು. ನಿಮ್ಮ ಗಾಜಿನ ಕೊಳವೆಯಲ್ಲಿ ಬಟ್ಟಲಿನ ಒಳಬದಿಗೆ ಇರುವುದು ಗಾಳಿ. ಆದ್ದರಿಂದ ಮೆನಿಸ್ಕಸ್ಸಿನ (ಕೊಳವೆಯೊಳಗಿನ ಈ ಬಾಗಿದ ಮೇಲ್ಮೈಯ) ಮೇಲಿನ ಗಾಳಿಗಿಂತ ಅದರ ಕೆಳಗಿನ ನೀರಿನ ಒತ್ತಡ ಕಡಿಮೆ. ಗಾಜು ಸ್ವಚ್ಛವಾಗಿದ್ದರೆ ಮೆನಿಸ್ಕಸ್ ಸುಮಾರಾಗಿ ಅರ್ಧಗೋಳ, ಅದರ ವ್ಯಾಸ ಕೊಳವೆಯ ವ್ಯಾಸವೇ. 3 ಮಿ.ಮೀ.ಗೆ ಮೆಟ್ಟಿಲಿನ ಎತ್ತರ 97 ಪ್ಯಾಸ್ಕಲ್.

ಇನ್ನು ನಡೆದು ನೋಡಿ. ಗಾಳಿಯಲ್ಲಿ ವಾತಾವರಣದ ಒತ್ತಡದಿಂದ ಹೊರಡುತ್ತೀರಿ. ಸಣ್ಣ ಕೊಳವೆಯ ಮೆನಿಸ್ಕಸ್ಸನ್ನು ದಾಟಿದ ಕೂಡಲೇ 97 ಪ್ಯಾಸ್ಕಲ್ ಕೆಳಗಿಳಿಯುತ್ತೀರಿ. ಅಲ್ಲಿಂದ ನೀರಿನೊಳಗೆ ಕೆಳಕ್ಕೆ ಹೋದಂತೆ ಪ್ರತಿ ಮಿಲಿಮೀಟರಿಗೆ ಸುಮಾರು 9.8 ಪ್ಯಾಸ್ಕಲ್ ಕೂಡುತ್ತಾ ಬರುತ್ತದೆ. ತೊಟ್ಟಿಯ ನೀರಿನ ಮಟ್ಟ ತಲುಪಿದಾಗ ನೀವು ಮತ್ತೆ ವಾತಾವರಣದ ಒತ್ತಡಕ್ಕೆ ಬಂದಿರಬೇಕು, ಏಕೆಂದರೆ ಒಂದೇ ದ್ರವದಲ್ಲಿ, ಒಂದೇ ಮಟ್ಟದಲ್ಲಿ, ನಿಂತ ನೀರಿನ ಒತ್ತಡ ಒಂದೇ. ಕಳೆದುಕೊಂಡ 97 ಪ್ಯಾಸ್ಕಲನ್ನು ತುಂಬಿಕೊಳ್ಳಲು 9.9 ಮಿ.ಮೀ. ಇಳಿಯಬೇಕು. ಏರಿಕೆ ಎಂದರೆ ಇಷ್ಟೇ. ನೀರು ನಿಂತಾಗಿನ ಒತ್ತಡದ ನಿಯಮ ಎಲ್ಲಿಯೂ ಮುರಿದಿಲ್ಲ. ಮೇಲ್ಮೈಯನ್ನು ದಾಟುವಾಗ ಕೊಡಬೇಕಾದ ಸುಂಕವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿತ್ತು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇದನ್ನು ಬೇರೆ ರೀತಿಯಲ್ಲಿ ವಿವರಿಸುತ್ತವೆ: ಗಾಜಿನ ಅಂಚಿನ ಸುತ್ತ ಮೇಲ್ಮೈ ಎಳೆತವು ನೀರನ್ನು ಮೇಲಕ್ಕೆ ಎಳೆಯುತ್ತದೆ, ಕಂಬದ ತೂಕ ಕೆಳಕ್ಕೆ ಎಳೆಯುತ್ತದೆ, ಎರಡನ್ನೂ ಸಮಗೊಳಿಸಿದರೆ ಸೂತ್ರ ಸಿಗುತ್ತದೆ. ಉತ್ತರ ಒಂದೇ ಬರುತ್ತದೆ, ಪರೀಕ್ಷೆಗೂ ಅದು ಸಾಕು. ಆದರೆ ನನಗೆ ಒತ್ತಡದ ದಾರಿಯೇ ಮೇಲೆನಿಸುತ್ತದೆ. ತೂಕದ ದಾರಿಯಲ್ಲಿ ಹೋದವರು ಕೊಳವೆಯ ಆಕಾರ ಬದಲಾದ ಕೂಡಲೇ ತಡಬಡಾಯಿಸುತ್ತಾರೆ. ಕೆಳಗೆ ಗಡಿಗೆಯಷ್ಟು ಅಗಲವಾಗಿದ್ದು ಮೇಲೆ ಸೂಜಿಯಷ್ಟು ಕಿರಿದಾದ ಪಾತ್ರೆಯಲ್ಲಿ, ಒಮ್ಮೆ ನೀರನ್ನು ಆ ಕಿರಿದಾದ ಭಾಗದವರೆಗೆ ತುಂಬಿಸಿ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿದರೆ, ಅಷ್ಟು ದೊಡ್ಡ ತೂಕವನ್ನು ಆ ಕಿರು ಅಂಚು ಎತ್ತಿ ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಕಾಡುತ್ತದೆ. ಒತ್ತಡದ ದಾರಿಯಲ್ಲಿ ಅದು ಪ್ರಶ್ನೆಯೇ ಅಲ್ಲ: ಎತ್ತರವನ್ನು ನಿರ್ಧರಿಸುವುದು ಮೆನಿಸ್ಕಸ್ ನಿಂತ ಜಾಗದ ವ್ಯಾಸ ಮಾತ್ರ, ಕೆಳಗಿನ ಆಕಾರ ಏನೇ ಇರಲಿ. ಇಂಗ್ಲೆಂಡಿನ ಜೇಮ್ಸ್ ಜ್ಯೂರಿನ್ 1718ರಲ್ಲಿಯೇ ಇದನ್ನು ಪ್ರಯೋಗದಿಂದ ತೋರಿಸಿದ್ದ.

ಹಾಗಾದರೆ 12 ಮಿ.ಮೀ. ಕೊಳವೆಯಲ್ಲಿ ಎಷ್ಟು ಏರಬೇಕು? ಅದೇ ಸೂತ್ರ ಹಾಕಿದರೆ ಎರಡೂವರೆ ಮಿ.ಮೀ. ಬರುತ್ತದೆ, ನೀವು ಕಂಡದ್ದು ಒಂದೂವರೆ. ಇಲ್ಲಿ ತಪ್ಪು ನಿಮ್ಮದಲ್ಲ. ಮೆನಿಸ್ಕಸ್ ಅರ್ಧಗೋಳವಾಗಿರುತ್ತದೆ ಎಂಬ ಊಹೆ ಸಣ್ಣ ಕೊಳವೆಗೆ ಮಾತ್ರ ಒಪ್ಪುತ್ತದೆ. ಎಷ್ಟು ಸಣ್ಣ ಎಂದರೆ ಸಣ್ಣ? ಮೇಲ್ಮೈ ಎಳೆತವನ್ನು ಸಾಂದ್ರತೆ ಮತ್ತು ಗುರುತ್ವದ ಗುಣಲಬ್ಧದಿಂದ ಭಾಗಿಸಿ ವರ್ಗಮೂಲ ತೆಗೆದರೆ ಒಂದು ಉದ್ದ ಸಿಗುತ್ತದೆ. ನೀರಿಗೆ ಅದು 2.7 ಮಿ.ಮೀ. ಕೊಳವೆಯ ತ್ರಿಜ್ಯ ಇದಕ್ಕಿಂತ ಸಾಕಷ್ಟು ಕಡಿಮೆಯಿದ್ದಾಗ ಮೇಲ್ಮೈ ಎಳೆತದ ಕೈ ಮೇಲಾಗಿ ಮೆನಿಸ್ಕಸ್ ಗೋಳಾಕಾರ ತಾಳುತ್ತದೆ. ತ್ರಿಜ್ಯ ಅದನ್ನು ಮೀರಿದರೆ ಗುರುತ್ವ ಗೆದ್ದು ನಡುಭಾಗವನ್ನು ತಟ್ಟೆಯಂತೆ ಚಪ್ಪಟೆ ಮಾಡುತ್ತದೆ, ಗಾಜಿನ ಅಂಚಿನಲ್ಲಷ್ಟೇ ನೀರು ಏರಿಕೊಂಡಿರುತ್ತದೆ. ಚಪ್ಪಟೆಯಾದ ಮೇಲ್ಮೈಗೆ ಮೆಟ್ಟಿಲು ಕಡಿಮೆ. ಕೊಳವೆ 20 ಮಿ.ಮೀ. ಅಗಲವಾದರೆ ಸೂತ್ರ ಒಂದೂವರೆ ಮಿ.ಮೀ. ಎಂದು ಹೇಳುತ್ತದೆ, ನಿಜವಾದ ಏರಿಕೆ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಒತ್ತಡ ಅಳೆಯುವ ಕೊಳವೆಯ ಒಳವ್ಯಾಸ 10 ಮಿ.ಮೀ.ಗಿಂತ ಕಡಿಮೆ ಇರದಂತೆ ನೋಡಿಕೊಳ್ಳಿ ಎಂದು ಹೇಳುವುದು ಈ ಕಾರಣದಿಂದಲೇ.

ಈಗ ‘ಯಾವ ಅಳತೆಯನ್ನು ನಂಬಬೇಕು’ ಎಂಬ ಪ್ರಶ್ನೆಗೆ ಬರೋಣ. ಎರಡು ಕೊಳವೆಗಳೂ ಸುಳ್ಳು ಹೇಳುತ್ತಿಲ್ಲ. ಎರಡರ ಬುಡದಲ್ಲೂ ಒತ್ತಡ ಒಂದೇ ಇದೆ. ಆ ಒತ್ತಡದ ಜೊತೆಗೆ ತಮ್ಮ ತಮ್ಮ ಮೆನಿಸ್ಕಸ್ಸಿನ ಸುಂಕವನ್ನೂ ಸೇರಿಸಿ ಎತ್ತರವಾಗಿ ತೋರಿಸುತ್ತಿವೆ. ತೊಟ್ಟಿಯನ್ನು ಮುಚ್ಚಿ ಒಳಗಿನ ಒತ್ತಡವನ್ನು ಏರಿಸಿದರೂ, ನೀರು ಕೊಳವೆಯಲ್ಲಿ ಅರ್ಧ ಮೀಟರ್ ಮೇಲಕ್ಕೆ ಹೋದರೂ, ಸುಂಕ ಅಷ್ಟೇ ಇರುತ್ತದೆ, ಏಕೆಂದರೆ ಅದು ಮೆನಿಸ್ಕಸ್ಸಿನ ಬಾಗಿಗೆ ಸಂಬಂಧಿಸಿದ್ದೇ ಹೊರತು ಕೆಳಗಿನ ಕಂಬದ ಉದ್ದಕ್ಕಲ್ಲ. ಆದ್ದರಿಂದ ಒತ್ತಡ ಹಾಕುವ ಮುನ್ನ ಶೂನ್ಯದ ಅಳತೆ ತೆಗೆದುಕೊಂಡು, ಮುಂದಿನ ಪ್ರತಿ ಅಳತೆಯಿಂದ ಅದನ್ನು ಕಳೆಯಿರಿ. ಸೂತ್ರದಿಂದ ಲೆಕ್ಕ ಹಾಕಿ ಕಳೆಯುವುದಕ್ಕಿಂತ ಇದು ಎಷ್ಟೋ ವಾಸಿ. ನಿಮ್ಮ ಗಾಜು, ನಿಮ್ಮ ನೀರು, ಆ ದಿನದ ಉಷ್ಣತೆ ಎಲ್ಲವೂ ಆ ಶೂನ್ಯದಲ್ಲಿ ಸೇರಿಹೋಗಿರುತ್ತವೆ.

ಯು ಕೊಳವೆಯ ವಿಚಾರವನ್ನು ಮನೆ ಕಟ್ಟುವ ಮೇಸ್ತ್ರಿಯ ಕೈಯಲ್ಲಿ ನೋಡುವುದು ಸುಲಭ. ರಸಮಟ್ಟ ಕೈಯಳವಿನ ಕೆಲಸಕ್ಕೆ ಆಯಿತು. ಈ ಮೂಲೆಯ ಕಂಬದಿಂದ ಆ ಮೂಲೆಯ ಕಂಬಕ್ಕೆ ಮಟ್ಟ ದಾಟಿಸಬೇಕಾದರೆ ಆತ ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ, ಒಂದು ತುದಿಯನ್ನು ಸಹಾಯಕನ ಕೈಗೆ ಕೊಡುತ್ತಾನೆ. ಇಬ್ಬರೂ ತುದಿಯ ಹೆಬ್ಬೆರಳು ತೆಗೆದು, ನೀರು ತೂಗಾಡುವುದು ನಿಂತ ಮೇಲೆ, ಸೀಸದ ಕಡ್ಡಿಯಿಂದ ಕಂಬಕ್ಕೆ ಗೆರೆ ಎಳೆಯುತ್ತಾರೆ. ಆ ಪೈಪಿನ ಎರಡು ತುದಿಯಲ್ಲೂ ಮೆನಿಸ್ಕಸ್ ಇದೆ, ಸುಂಕವೂ ಇದೆ. ಆದರೆ ಒಂದೇ ಪೈಪು, ಒಂದೇ ವ್ಯಾಸ, ಒಂದೇ ಪ್ಲಾಸ್ಟಿಕ್. ಈ ತುದಿಯ ಸುಂಕ ಆ ತುದಿಯದಕ್ಕೆ ವಜಾ ಆಗಿ ಗೆರೆ ನೇರ ಬರುತ್ತದೆ. ಯು ಕೊಳವೆ ಇದೇ ಪೈಪಿನ ಗಿಡ್ಡ ರೂಪ. ತೋಳುಗಳ ವ್ಯಾಸ ಒಂದೇ ಇದ್ದರೆ ಕೊಳವೆ ಎಷ್ಟು ಸಣ್ಣದಾದರೂ ಚಿಂತೆಯಿಲ್ಲ, ಬೇರೆಬೇರೆಯಾಗಿದ್ದರೆ ಎರಡು ಏರಿಕೆಗಳ ವ್ಯತ್ಯಾಸ ತಪ್ಪಾಗಿ ಉಳಿದುಬಿಡುತ್ತದೆ. ನಿಮ್ಮ ಎರಡು ಕೊಳವೆಗಳನ್ನೇ ತೋಳುಗಳನ್ನಾಗಿ ಮಾಡಿದರೆ ಆ ತಪ್ಪು ಏಳೂವರೆ ಮಿ.ಮೀ., ಅಂದರೆ ಸುಮಾರು 73 ಪ್ಯಾಸ್ಕಲ್.

ಇದು ದೊಡ್ಡದೋ ಚಿಕ್ಕದೋ ಎಂಬುದು ನೀವು ಏನನ್ನು ಅಳೆಯುತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ. ನೀರಿನ ಪೈಪಿನಲ್ಲಿ 20 ಕಿಲೊಪ್ಯಾಸ್ಕಲ್ ಅಳೆಯುವವರಿಗೆ 73 ಪ್ಯಾಸ್ಕಲ್ ಎಂದರೆ ಶೇಕಡ ಅರ್ಧಕ್ಕಿಂತ ಕಡಿಮೆ. ಅವರ ಅಳತೆಪಟ್ಟಿಯೇ ಅಷ್ಟು ಓರೆಯಾಗಿ ನಿಂತಿರಬಹುದು. ಅದೇ, ಗಾಳಿಯ ಸುರಂಗದಲ್ಲಿ ಪಿಟೊ ಕೊಳವೆ (ಹರಿವಿಗೆ ಎದುರಾಗಿ ಹಿಡಿದು ಒತ್ತಡದಿಂದ ವೇಗ ತಿಳಿಯುವ ನಳಿಕೆ) ಇಟ್ಟು ವೇಗ ನೋಡುವವರ ಪಾಡು ಬೇರೆ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಉಂಟುಮಾಡುವ ಒತ್ತಡದ ವ್ಯತ್ಯಾಸ ಸುಮಾರು 60 ಪ್ಯಾಸ್ಕಲ್, ಅಂದರೆ 6 ಮಿ.ಮೀ. ನೀರು. ಅಳೆಯಬೇಕಾದ ವಸ್ತುವಿಗಿಂತ ತಪ್ಪೇ ದೊಡ್ಡದು! ಒಡೆದುಹೋದ ತೋಳಿನ ಬದಲಿಗೆ ಕೈಗೆ ಸಿಕ್ಕಿದ ಸಣ್ಣ ಗಾಜಿನ ನಳಿಕೆಯನ್ನು ಜೋಡಿಸಿದ್ದ ಮ್ಯಾನೊಮೀಟರ್ (ಒತ್ತಡ ಅಳೆಯುವ ಯು ಕೊಳವೆ) ಒಂದರ ಮುಂದೆ ನಾನೂ ಒಮ್ಮೆ ಒಂದಿಡೀ ಮಧ್ಯಾಹ್ನ ಕೂತಿದ್ದೇನೆ. ಫ್ಯಾನ್ ನಿಲ್ಲಿಸಿದರೂ ಅದು ಗಾಳಿ ಬೀಸುತ್ತಿದೆ ಎಂದೇ ಹೇಳುತ್ತಿತ್ತು. ಶೂನ್ಯದ ಅಳತೆಯನ್ನು ಬೆಳಿಗ್ಗೆಯೇ ತೆಗೆದುಕೊಂಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಓರೆ ಮ್ಯಾನೊಮೀಟರ್ ಇದಕ್ಕೆ ಪರಿಹಾರವೆಂದು ಕೆಲವರು ಭಾವಿಸುತ್ತಾರೆ. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಮಲಗಿಸಿದರೆ 6 ಮಿ.ಮೀ. ಎಂಬುದು ಕೊಳವೆಯುದ್ದಕ್ಕೆ 60 ಮಿ.ಮೀ. ಆಗಿ ಓದಲು ಸಿಗುತ್ತದೆ ನಿಜ, ಆದರೆ ಕೊಳವೆಯ ಏರಿಕೆಯೂ ಹತ್ತು ಪಟ್ಟಾಗಿಯೇ ಕಾಣಿಸುತ್ತದೆ. ಓರೆ ಮಾಡುವುದರಿಂದ ಕಣ್ಣಿನ ತಪ್ಪು ತಗ್ಗುತ್ತದೆ, ಮೇಲ್ಮೈಯ ತಪ್ಪು ತಗ್ಗುವುದಿಲ್ಲ.

ಶೂನ್ಯವನ್ನು ಕಳೆದರೂ ಹೋಗದ ಒಂದು ತೊಡಕಿದೆ. ಪಾಠದಲ್ಲಿ ಇದರ ಪ್ರಸ್ತಾಪ ಕಡಿಮೆ. ನೀರು ಗಾಜನ್ನು ಮುಟ್ಟುವಲ್ಲಿ ಮಾಡುವ ಸ್ಪರ್ಶಕೋನ ಒಂದೇ ಬೆಲೆಯಲ್ಲಿ ನಿಲ್ಲುವುದಿಲ್ಲ. ಒಣಗಿದ ಗಾಜಿನ ಮೇಲೆ ನೀರು ಏರುತ್ತಾ ಬಂದು ನಿಂತಾಗ ಕೋನ ದೊಡ್ಡದು, ಒದ್ದೆಯಾದ ಗಾಜಿನ ಮೇಲೆ ಇಳಿಯುತ್ತಾ ಬಂದು ನಿಂತಾಗ ಕೋನ ಚಿಕ್ಕದು. ಅಷ್ಟೇನೂ ಸ್ವಚ್ಛವಲ್ಲದ ಗಾಜಿನಲ್ಲಿ ಏರುವಾಗ 30 ಡಿಗ್ರಿ, ಇಳಿಯುವಾಗ ಸೊನ್ನೆ ಎಂದಿಟ್ಟುಕೊಂಡರೂ, 3 ಮಿ.ಮೀ. ಕೊಳವೆಯಲ್ಲಿ ಎರಡು ನಿಲುಗಡೆಗಳ ನಡುವೆ 1.3 ಮಿ.ಮೀ. ಅಂತರ ಬೀಳುತ್ತದೆ. ಹೀಗಾಗಿಯೇ ಅನುಭವಿಗಳು ಮ್ಯಾನೊಮೀಟರನ್ನು ಓದುವ ಮುನ್ನ ಬೆರಳ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟುತ್ತಾರೆ. ಅಂಟಿಕೊಂಡ ಅಂಚು ಕೊಂಚ ಜಾರಿ ಹೊಸ ಮಟ್ಟದಲ್ಲಿ ಕೂರುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಇನ್ನೂ ಎಚ್ಚರ ಬೇಕೆಂದರೆ ನೀರಿನ ಮಟ್ಟವನ್ನು ಯಾವಾಗಲೂ ಮೇಲಿನಿಂದ ಇಳಿಸಿಕೊಂಡು ಬಂದು ಓದಿ. ಒದ್ದೆ ಗಾಜಿನ ಮೇಲೆ ಸ್ಪರ್ಶಕೋನ ಸೊನ್ನೆಯ ಹತ್ತಿರವೇ ಇರುತ್ತದೆ, ಒಂದು ದಿನದಂತೆ ಇನ್ನೊಂದು ದಿನವೂ ಇರುತ್ತದೆ.

ಕೊಳವೆಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಕೇಡು ಇಮ್ಮಡಿಯಾಗುತ್ತದೆ. ನಿಂತ ಭಾಗದಲ್ಲಿ ಅಡ್ಡಲಾಗಿ ತುಂಬಿಕೊಂಡ ಗುಳ್ಳೆ ತನ್ನ ಉದ್ದದಷ್ಟು ನೀರಿನ ಕಂಬವನ್ನೇ ನುಂಗಿಹಾಕುತ್ತದೆ. ಮಲಗಿದ ಭಾಗದಲ್ಲಿದ್ದರೆ ಕಂಬಕ್ಕೆ ನಷ್ಟವಿಲ್ಲ, ಆದರೆ ಗುಳ್ಳೆಯ ಎರಡು ಮುಖಗಳಲ್ಲಿ ಒಂದು ನೀರು ಮುಂದೊತ್ತುವಾಗಿನ ದೊಡ್ಡ ಸ್ಪರ್ಶಕೋನದಲ್ಲೂ ಇನ್ನೊಂದು ಹಿಂಜರಿಯುವಾಗಿನ ಚಿಕ್ಕ ಸ್ಪರ್ಶಕೋನದಲ್ಲೂ ನಿಂತು, ಎರಡರ ಮೆಟ್ಟಿಲುಗಳು ಒಂದಕ್ಕೊಂದು ವಜಾ ಆಗದೆ ಉಳಿಯುತ್ತವೆ. 8 ಮಿ.ಮೀ. ಪ್ಲಾಸ್ಟಿಕ್ ಪೈಪಿನಲ್ಲಿ ಒಂದು ಗುಳ್ಳೆಯೇ ಒಂದೆರಡು ಮಿ.ಮೀ. ನೀರನ್ನು ಹೀಗೆ ತಡೆದು ನಿಲ್ಲಿಸಬಲ್ಲದು. ನಾಲ್ಕಾರು ಗುಳ್ಳೆಗಳು ಸಾಲಾಗಿದ್ದರೆ ತಪ್ಪು ಅಷ್ಟಷ್ಟೂ ಕೂಡುತ್ತಾ ಹೋಗುತ್ತದೆ. ಮಟ್ಟ ನೋಡುವ ಮೊದಲು ಮೇಸ್ತ್ರಿ ಪೈಪನ್ನು ಮೊದಲಿಂದ ಕೊನೆವರೆಗೂ ಕಣ್ಣಾಡಿಸಿ, ಗುಳ್ಳೆ ಕಂಡಲ್ಲಿ ಪೈಪನ್ನು ಎತ್ತಿ ಕೊಡವಿ ಅದನ್ನು ಹೊರಗೆ ಓಡಿಸುವುದು ಸುಮ್ಮನೆ ಅಲ್ಲ.

ಪಾದರಸದ ಬಗ್ಗೆ ನೀವು ಕೇಳಿಲ್ಲ, ಆದರೆ ಪರೀಕ್ಷೆಯಲ್ಲಿ ಕೇಳುತ್ತಾರೆ. ಪಾದರಸ ಗಾಜನ್ನು ಒದ್ದೆ ಮಾಡುವುದಿಲ್ಲ. ಸ್ಪರ್ಶಕೋನ 130ರಿಂದ 140 ಡಿಗ್ರಿ, ಮೆನಿಸ್ಕಸ್ ಗುಮ್ಮಟದಂತೆ ಉಬ್ಬಿರುತ್ತದೆ. ಈಗ ಗುಳಿಯ ಬದಿಗೆ ಪಾದರಸವಿದೆ, ಒತ್ತಡ ಅಲ್ಲಿ ಹೆಚ್ಚು, ಆದ್ದರಿಂದ ಕಂಬ ಏರುವ ಬದಲು ತಗ್ಗುತ್ತದೆ. 3 ಮಿ.ಮೀ. ಕೊಳವೆಯಲ್ಲಿ ತಗ್ಗುವುದು ಸುಮಾರು 3 ಮಿ.ಮೀ. ನೀರಿನ 9 ಮಿ.ಮೀ.ಗೆ ಹೋಲಿಸಿದರೆ ಇದು ಪರವಾಗಿಲ್ಲ ಎನಿಸಬಹುದು. ಒತ್ತಡದ ಲೆಕ್ಕಕ್ಕೆ ತಂದರೆ 400 ಪ್ಯಾಸ್ಕಲ್, ಅಂದರೆ ನೀರಿನ ತಪ್ಪಿಗಿಂತ ನಾಲ್ಕು ಪಟ್ಟು. ನೀರಿನಲ್ಲಿ ಮೆನಿಸ್ಕಸ್ಸಿನ ತಳವನ್ನೂ ಪಾದರಸದಲ್ಲಿ ಅದರ ನೆತ್ತಿಯನ್ನೂ ಓದಬೇಕು. 1643ರಲ್ಲಿ ಟೊರಿಸೆಲ್ಲಿ ಮತ್ತು ವಿವಿಯಾನಿ ಇಟಲಿಯಲ್ಲಿ ತೋರಿಸಿಕೊಟ್ಟ ವಾಯುಭಾರಮಾಪಕದಲ್ಲಿ ಮೆನಿಸ್ಕಸ್ಸಿನ ಮೇಲೆ ಗಾಳಿಯಿರಲಿಲ್ಲ, ಆದರೂ ಈ ತಗ್ಗು ಇದ್ದೇ ಇರುತ್ತದೆ. ಮೆಟ್ಟಿಲಿಗೆ ಬೇಕಾದದ್ದು ಬಾಗಿದ ಮೇಲ್ಮೈಯೇ ಹೊರತು ಗಾಳಿಯಲ್ಲ. ಪ್ರಾಸಂಗಿಕವಾಗಿ, ನೀವು ಬೆಂಗಳೂರಿನಲ್ಲಿ ಓದುತ್ತಿದ್ದು, ವಾಯುಭಾರಮಾಪಕ 760ರ ಬದಲು 680 ಚಿಲ್ಲರೆ ಮಿ.ಮೀ. ತೋರಿಸಿದರೆ ಕೊಳವೆಯ ವ್ಯಾಸವನ್ನು ದೂರಬೇಡಿ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರಿನಲ್ಲಿ ವಾತಾವರಣದ ಒತ್ತಡ ಸುಮಾರು 91 ಕಿಲೊಪ್ಯಾಸ್ಕಲ್ ಮಾತ್ರ. ಗೇಜ್ ಒತ್ತಡವನ್ನು (ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು) ನಿರಪೇಕ್ಷ ಒತ್ತಡವಾಗಿ (ಶೂನ್ಯದಿಂದ ಎಣಿಸಿದ ಒಟ್ಟು ಒತ್ತಡವಾಗಿ) ಬದಲಿಸುವಾಗ 101.3 ಎಂಬ ಪುಸ್ತಕದ ಸಂಖ್ಯೆಯನ್ನು ಕೂಡಿಸುವವರು ಒಂದೇ ಏಟಿಗೆ 10 ಕಿಲೊಪ್ಯಾಸ್ಕಲ್ ತಪ್ಪು ಮಾಡಿರುತ್ತಾರೆ. ಮೇಲ್ಮೈ ಎಳೆತದ ತಪ್ಪು ಅದರ ಮುಂದೆ ಏನೂ ಅಲ್ಲ.

ಸಣ್ಣ ಒತ್ತಡಗಳನ್ನು ಅಳೆಯುವ ಮ್ಯಾನೊಮೀಟರುಗಳಲ್ಲಿ ನೀರಿನ ಬದಲು ಬಣ್ಣ ಹಾಕಿದ ಆಲ್ಕೊಹಾಲನ್ನೋ ಹಗುರವಾದ ಎಣ್ಣೆಯನ್ನೋ ಬಳಸುವುದನ್ನು ನೋಡಿರುತ್ತೀರಿ. ಎಥನಾಲಿನ ಮೇಲ್ಮೈ ಎಳೆತ 0.022, ನೀರಿನ ಮೂರನೇ ಒಂದು ಭಾಗಕ್ಕೂ ಕಡಿಮೆ, 3 ಮಿ.ಮೀ. ಕೊಳವೆಯಲ್ಲಿ ಅದು 4 ಮಿ.ಮೀ.ಯಷ್ಟೂ ಏರುವುದಿಲ್ಲ. ಆದರೆ ಅದನ್ನು ಆರಿಸುವುದಕ್ಕೆ ಇದಕ್ಕಿಂತ ಮುಖ್ಯವಾದ ಕಾರಣ ಬೇರೆಯಿದೆ. ಮೇಲ್ಮೈ ಎಳೆತ ಹೆಚ್ಚಿರುವ ದ್ರವ ಬಲುಬೇಗ ಕೆಡುತ್ತದೆ. ನೀರಿನ ಮೇಲೆ ಬೆರಳಿನ ಜಿಡ್ಡು ತಾಗಿದರೂ ಸಾಕು, ಅದು ತೆಳುವಾಗಿ ಹರಡಿ ಎಳೆತವನ್ನು ಕುಗ್ಗಿಸಿಬಿಡುತ್ತದೆ. ಆಲ್ಕೊಹಾಲಿನ ಎಳೆತ ಮೊದಲೇ ಕಡಿಮೆಯಿರುವುದರಿಂದ ಜಿಡ್ಡು ಅದನ್ನು ಇನ್ನಷ್ಟು ಇಳಿಸಲಾರದು. ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿ ಆಗ್ನೆಸ್ ಪೋಕಲ್ಸ್ ಎಂಬಾಕೆ ಯಾವ ವಿಶ್ವವಿದ್ಯಾಲಯದ ನೆರವೂ ಇಲ್ಲದೆ, ಮನೆಯ ಅಡುಗೆಕೋಣೆಯಲ್ಲಿ, ಕೊಳೆಯಾದ ನೀರಿನ ಮೇಲ್ಮೈ ಎಳೆತವನ್ನು ಅಳೆಯುವ ತೊಟ್ಟಿಯೊಂದನ್ನು ತಾನೇ ರೂಪಿಸಿದಳು. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ ಅವಳ ಪತ್ರವನ್ನು ‘ನೇಚರ್’ ಪತ್ರಿಕೆಗೆ ಕಳಿಸಿ 1891ರಲ್ಲಿ ಪ್ರಕಟವಾಗುವಂತೆ ಮಾಡಿದ. ಪಾತ್ರೆ ತೊಳೆಯುವ ಸಾಬೂನು ನೀರಿನ ಎಳೆತವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ. ಕೊಳವೆಯನ್ನು ಸಾಬೂನಿನಿಂದ ತೊಳೆದು ಸರಿಯಾಗಿ ಜಾಲಾಡಿಸದಿದ್ದರೆ ನಿಮ್ಮ 9 ಮಿ.ಮೀ. ನಾಲ್ಕಕ್ಕೆ ಇಳಿಯುವುದು ಇದರಿಂದಲೇ. ಉಷ್ಣತೆಯ ಪ್ರಭಾವ ಇದರ ಮುಂದೆ ನಗಣ್ಯ: ನೀರು 20ರಿಂದ 30 ಡಿಗ್ರಿಗೆ ಏರಿದರೆ ವ್ಯತ್ಯಾಸ 0.2 ಮಿ.ಮೀ. ಅಷ್ಟೆ.

ಇದುವರೆಗೆ ಮೇಲ್ಮೈ ಎಳೆತವನ್ನು ಒತ್ತಡದ ಅಳತೆಗೆ ಅಡ್ಡಬಂದ ಕಂಟಕವೆಂಬಂತೆ ನೋಡಿದೆವು. ಇದನ್ನೇ ತಿರುಗಿಸಿದರೆ ಒತ್ತಡದ ಅಳತೆಯಿಂದ ಮೇಲ್ಮೈ ಎಳೆತವನ್ನು ಕಂಡುಹಿಡಿಯಬಹುದು, ಬಿ.ಎಸ್ಸಿ. ಭೌತವಿಜ್ಞಾನದವರು ಮಾಡುವ ಯೇಗರ್ ವಿಧಾನ ಇದೇ. ಸಣ್ಣ ನಳಿಕೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಗಾಳಿ ಊದಿಸುತ್ತಾರೆ. ತುದಿಯಲ್ಲಿ ಗುಳ್ಳೆ ಬೆಳೆಯುತ್ತಾ ಅರ್ಧಗೋಳವಾದಾಗ ಅದರ ವ್ಯಾಸ ನಳಿಕೆಯ ವ್ಯಾಸಕ್ಕೆ ಸಮನಾಗಿ ಒತ್ತಡ ಗರಿಷ್ಠ ಮುಟ್ಟುತ್ತದೆ, ಅದನ್ನು ದಾಟಿದ ಕೂಡಲೇ ಗುಳ್ಳೆ ಬಿಡಿಸಿಕೊಂಡು ಹೋಗುತ್ತದೆ. ಪಕ್ಕದ ಮ್ಯಾನೊಮೀಟರಿನಲ್ಲಿ ಆ ಗರಿಷ್ಠವನ್ನು ಓದಿ, ತುದಿ ಮುಳುಗಿರುವ ಆಳದ ಒತ್ತಡವನ್ನು ಕಳೆದರೆ ಉಳಿಯುವುದೇ ಮೆಟ್ಟಿಲು. ಅರ್ಧ ಮಿಲಿಮೀಟರ್ ತುದಿಗೆ ಅದು ಸುಮಾರು 60 ಮಿ.ಮೀ. ನೀರಿನಷ್ಟಿರುತ್ತದೆ, ಸಲೀಸಾಗಿ ಓದಬಹುದು. ಇಲ್ಲಿ ನೀರಿನೊಳಗಿನ ಗಾಳಿಗುಳ್ಳೆಗೆ ಇರುವುದು ಒಂದೇ ಮೇಲ್ಮೈ. ಗಾಳಿಯಲ್ಲಿ ತೇಲುವ ಸಾಬೂನಿನ ಗುಳ್ಳೆಗೆ ಒಳಗೊಂದು ಹೊರಗೊಂದು ಎರಡು ಮೇಲ್ಮೈಗಳಿರುವುದರಿಂದ ಮೆಟ್ಟಿಲೂ ಎರಡು. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ಕೊನೆಯದಾಗಿ ನಿಮ್ಮ 9 ಮಿ.ಮೀ. ಲೆಕ್ಕದ ಪ್ರಕಾರ 9.9 ಬರಬೇಕಿತ್ತು, ಒಂದು ಮಿಲಿಮೀಟರ್ ಎಲ್ಲಿ ಹೋಯಿತು? ಅರ್ಧದ ಜಾಡು ಸುಲಭ. ಸೂತ್ರವು ಮೆನಿಸ್ಕಸ್ಸಿನ ಅಂಚಿಗೆ ಏರಿದ ನೀರಿನ ತೂಕವನ್ನೂ ಎಣಿಸುತ್ತದೆ, ನೀವು ಓದಿದ್ದು ಬಟ್ಟಲಿನ ತಳವನ್ನು. ಇದಕ್ಕಾಗಿ ತ್ರಿಜ್ಯದ ಮೂರನೇ ಒಂದು ಭಾಗವನ್ನು, ಅಂದರೆ ಅರ್ಧ ಮಿಲಿಮೀಟರನ್ನು ಕಳೆದರೆ 9.4 ಉಳಿಯುತ್ತದೆ. ಉಳಿದ 0.4ಕ್ಕೆ ಗಾಜಿನ ಜಿಡ್ಡು ಕಾರಣವಿರಬಹುದು. ಸ್ಪರ್ಶಕೋನ 16 ಡಿಗ್ರಿ ಇದ್ದರೆ ಲೆಕ್ಕ ಸರಿಹೋಗುತ್ತದೆ. ಆದರೆ ಗಾಜನ್ನು ದೂರುವ ಮುನ್ನ ಕೊಳವೆ ನಿಜವಾಗಿಯೂ 3 ಮಿ.ಮೀ. ಇದೆಯೇ ಎಂದು ನೋಡಿ, ಏಕೆಂದರೆ 3.1 ಇದ್ದರೂ ಇದೇ 9.1 ಬರುತ್ತದೆ. ಅಳತೆಪಟ್ಟಿಯಿಂದ ಇದು ತಿಳಿಯದು, ತಕ್ಕಡಿಯಿಂದ ತಿಳಿಯುತ್ತದೆ. ಕೊಳವೆಯನ್ನು ಬಿಚ್ಚಿ, ಅದರೊಳಗೆ ಸರಿಯಾಗಿ 100 ಮಿ.ಮೀ. ಉದ್ದದ ನೀರಿನ ಎಳೆಯನ್ನು ಎಳೆದುಕೊಂಡು, ಆ ನೀರನ್ನು ತೂಕ ಗೊತ್ತಿರುವ ಪುಟ್ಟ ಬಟ್ಟಲಿಗೆ ಪೂರ್ತಿ ಊದಿ ತೂಗಿ. 0.706 ಗ್ರಾಂ ಬಂದರೆ ವ್ಯಾಸ 3.0 ಮಿ.ಮೀ., ಕೊಳವೆಯನ್ನು ತೊಳೆಯಬೇಕು; 0.753 ಬಂದರೆ ವ್ಯಾಸ 3.1, ನಿಮ್ಮ ಗಾಜು ಮೊದಲಿನಿಂದಲೂ ಸ್ವಚ್ಛವಾಗಿಯೇ ಇತ್ತು.